54 ಕಿಲೋ ಎಂಬ ಹಳೆ ಲೆಕ್ಕ ಬಿಟ್ಟ ಮೇಲೆ

2025ರ ಡಿಸೆಂಬರ್ 18ರಂದು ಆಸ್ಪತ್ರೆಯ ತೂಕದ ಯಂತ್ರ 72.8 ತೋರಿಸಿತು. ಜೂನ್‌ನಲ್ಲಿ ಅದೇ ಯಂತ್ರದ ಮೇಲೆ ನಾನು 79.2 ಇದ್ದೆ. ಆರು ತಿಂಗಳಿಗೆ 6.4 ಕಿಲೋ. ಕೇಳಿದವರಿಗೆ ಇಷ್ಟೇನಾ ಅನ್ನಿಸಬಹುದು. ನನಗೆ ಇದು ದೊಡ್ಡದು. ಯಾಕೆಂದರೆ ಅದಕ್ಕೂ ಮೊದಲಿನ ಐದು ತಿಂಗಳು ತಪ್ಪು ದಾರಿಯಲ್ಲಿ ಓಡಿದ್ದೆ. ದುಡ್ಡು ಹೋಯಿತು, ತಲೆಸುತ್ತಿ ಬಿದ್ದೆ, ಕೂದಲು ಉದುರಿತು, ಕೊನೆಗೆ ಶುರು ಮಾಡಿದ್ದಕ್ಕಿಂತ ಜಾಸ್ತಿ ತೂಕಕ್ಕೆ ಬಂದು ನಿಂತೆ. ಶಿರಸಿ ಸುತ್ತಿನ ಹಳ್ಳಿ ಮನೆಗಳಲ್ಲಿ ನನ್ನ ವಯಸ್ಸಿನ, ನನ್ನ ಮೈಕಟ್ಟಿನ ಹೆಂಗಸರು ತುಂಬಾ ಜನ ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ಆ ಐದು ತಿಂಗಳು ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನಗೆ 44 ವರ್ಷ. ಎತ್ತರ 156 ಸೆಂಟಿಮೀಟರ್. ಮನೆಯಲ್ಲಿ ಗಂಡ, ಅತ್ತೆ, ಪಿಯುಸಿ ಓದುವ ಮಗ. ಎರಡು ಎಕರೆ ಅಡಿಕೆ ತೋಟ. ಮನೆ ಎತ್ತರದಲ್ಲಿದೆ, ತೋಟ ಕೆಳಗೆ. ನಡುವೆ ಮಣ್ಣು ಕಡಿದು ಕಲ್ಲು ಕೂರಿಸಿದ 41 ಮೆಟ್ಟಿಲು. ಇಳಿಯುವಾಗ ಬಲ ಮಂಡಿ ನೋಯಲು ಶುರುವಾಗಿ ಎರಡು ವರ್ಷ ಆಗಿತ್ತು. 2025ರ ಜನವರಿಯಲ್ಲಿ ಅಡಿಕೆ ಸುಲಿಯುವ ಕೆಲಸ ಜೋರು. ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂತು ಎದ್ದರೆ ಗೋಡೆ ಹಿಡಿಯದೆ ನಡೆಯಲು ಆಗುತ್ತಿರಲಿಲ್ಲ.

ಪೇಟೆಗೆ ಹೋಗಿ ಎಲುಬಿನ ಡಾಕ್ಟರಿಗೆ ತೋರಿಸಿದೆವು. ಫೀ 300, ಎಕ್ಸ್‌ರೇ 450. ಮೂರು ಗಂಟೆ ಕಾದೆ. ಒಳಗೆ ಇದ್ದದ್ದು ಮೂರೋ ನಾಲ್ಕೋ ನಿಮಿಷ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಸವೆತ ಶುರುವಾಗಿದೆ, ತೂಕ ಇಳಿಸಿ ಅಂದರು. ಎಷ್ಟು ಇಳಿಸಬೇಕು, ಎಷ್ಟು ದಿನದಲ್ಲಿ ಇಳಿಸಬೇಕು ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿರುವಾಗ ಕೇಳಲು ಮುಜುಗರ. ಈಗ ಅನ್ನಿಸುತ್ತದೆ, ಆ ಒಂದು ಪ್ರಶ್ನೆ ಕೇಳಿದ್ದರೆ ಮುಂದಿನದೆಲ್ಲ ಬೇರೆ ಥರ ಇರುತ್ತಿತ್ತು. ನಿಮಗೂ ಯಾರಾದರೂ ಬರೀ "ತೂಕ ಇಳಿಸಿ" ಅಂದರೆ, ಎಷ್ಟು ಎಂದು ಕೇಳಿಯೇ ಎದ್ದು ಬನ್ನಿ.

ಡಾಕ್ಟರು ಕೊಡದ ಸಂಖ್ಯೆಯನ್ನು ನಾನೇ ಹುಡುಕಿಕೊಂಡೆ. ಮದುವೆಯಾದಾಗ ನಾನು 54 ಕಿಲೋ ಇದ್ದೆ. ಅದೇ ನನ್ನ "ಸರಿಯಾದ" ತೂಕ ಎಂದು ಇಪ್ಪತ್ತು ವರ್ಷದಿಂದ ತಲೆಯಲ್ಲಿ ಕೂತಿತ್ತು. ಆಗ ನನ್ನ ತೂಕ 78.4. ಅಂಗಳದಲ್ಲಿ ಅಡಿಕೆ ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾ ಮೇಲೆ ನಿಂತು ನೋಡಿದ್ದು. ಮೇ ತಿಂಗಳಲ್ಲಿ ಅಣ್ಣನ ಮಗಳ ಮದುವೆ. ಅಷ್ಟರೊಳಗೆ 24 ಕಿಲೋ ಇಳಿಸುವುದು ಎಂದು ಕ್ಯಾಲೆಂಡರಿನಲ್ಲಿ ಬರೆದೆ. ನಾಲ್ಕು ತಿಂಗಳಿಗೆ 24 ಕಿಲೋ ಅಂದರೆ ವಾರಕ್ಕೆ ಒಂದೂವರೆ ಕಿಲೋ ಹತ್ತಿರ. ಇದು ಆಗುವ ಮಾತಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ. ಎಲ್ಲರೂ "ಮಾಡು, ಮಾಡು" ಅಂದರು.

ಫೆಬ್ರವರಿಯಲ್ಲಿ ಪರಿಚಯದವರೊಬ್ಬರು ಪುಡಿ ತಂದುಕೊಟ್ಟರು. ಬೆಳಿಗ್ಗೆ ಮತ್ತು ರಾತ್ರಿ ಊಟದ ಬದಲು ನೀರಿನಲ್ಲಿ ಕದಡಿ ಕುಡಿಯುವುದು. ಮಧ್ಯಾಹ್ನ ಮಾತ್ರ ಸ್ವಲ್ಪ ಅನ್ನ. ಎರಡು ಡಬ್ಬಿ, ಜೊತೆಗೆ ಏನೋ ಚಹಾಪುಡಿ, ತಿಂಗಳಿಗೆ 5,600 ರೂಪಾಯಿ. ಮೊದಲ ವಾರವೇ 2.3 ಕಿಲೋ ಇಳಿಯಿತು. ಆ ಖುಷಿ ಹೇಗಿತ್ತೆಂದರೆ ದಿನಕ್ಕೆ ನಾಲ್ಕು ಸಲ ಕಾಟಾ ಹತ್ತುತ್ತಿದ್ದೆ. ಆಮೇಲೆ ಗೊತ್ತಾಯಿತು, ಹೀಗೆ ತಟ್ಟನೆ ಇಳಿಯುವುದು ಜಾಸ್ತಿ ಪಾಲು ನೀರು. ದೇಹ ಕೂಡಿಟ್ಟ ಸಕ್ಕರೆ ಖರ್ಚಾಗುವಾಗ ಅದರ ಜೊತೆಗಿದ್ದ ನೀರೂ ಹೋಗುತ್ತದೆ. ಕೊಬ್ಬು ಅಷ್ಟು ಬೇಗ ಕರಗುವುದಿಲ್ಲ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿದರೂ ಒಂದು ಕಿಲೋಗೆ ಎರಡು ವಾರ ಬೇಕು.

ಆಲೆಮನೆ ನಡೆಯುತ್ತಿದ್ದ ಕಾಲ. ಮನೆಯವರೆಲ್ಲ ಕಬ್ಬಿನ ಹಾಲು ಕುಡಿಯಲು ಹೋದರು, ನಾನು ಹೋಗಲಿಲ್ಲ. ಕಬ್ಬಿನ ಹಾಲಿನ ತೆಳು ಸಿಹಿ ತೊಡದೇವು ಮಾಡಿದ ದಿನ ತಲೆನೋವು ಅಂತ ಕೋಣೆಯಲ್ಲಿ ಮಲಗಿದೆ. ಸಣ್ಣ ಮಾತಿಗೂ ಮಗನ ಮೇಲೆ ಸಿಡುಕುತ್ತಿದ್ದೆ. ಐದು ವಾರಕ್ಕೆ 73.2 ಆಯಿತು. ಆರನೇ ವಾರ, ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆದು ಎದ್ದವಳಿಗೆ ಕಣ್ಣು ಕತ್ತಲೆ ಬಂತು. ಬಿದ್ದದ್ದು ಹುಲ್ಲಿನ ಮೇಲೆ, ಹಾಗಾಗಿ ಪೆಟ್ಟಾಗಲಿಲ್ಲ. ಚೆಂಬು ಉರುಳಿದ ಸದ್ದಿಗೆ ಅತ್ತೆ ಓಡಿ ಬಂದರು. "ಎಂತಾ ಆತೇ ತಂಗಿ?" ಎಂದು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಗಾಳಿ ಹಾಕಿದರು. ಅವತ್ತು ಅವರೇ ಗಂಜಿ ಕುಡಿಸಿದರು. ಪುಡಿ ಅಲ್ಲಿಗೆ ನಿಂತಿತು.

ನಿಂತದ್ದೇ ತಡ, ಹಸಿವು ಎಂಥದೆಂದರೆ ತಡೆಯಲಾಗುತ್ತಿರಲಿಲ್ಲ. ಮದುವೆಯ ಹೊತ್ತಿಗೆ 79.6. ಮದುವೆ ಮನೆಯಲ್ಲಿ ಎಷ್ಟೋ ಜನ "ನೀ ತೆಳ್ಳಗಾಗ್ತಾ ಇದ್ದೆ ಹೇಳಿದ್ರು, ಎಂತೂ ಕಾಣ್ತಿಲ್ಲೆ" ಅಂದರು. ಅಂದು ರಾತ್ರಿ ನಾನು ಅತ್ತುಬಿಟ್ಟೆ. ಜೂನ್ ಶುರುವಿಗೆ ತಲೆ ಬಾಚಿದರೆ ಬಾಚಣಿಕೆ ತುಂಬಾ ಕೂದಲು. ಊಟ ತೀರಾ ಕಡಿಮೆಯಾದರೆ ಎರಡು ಮೂರು ತಿಂಗಳು ಕಳೆದ ಮೇಲೆ ಹೀಗೆ ಉದುರುತ್ತದಂತೆ. ಮತ್ತೆ ಬರುತ್ತದೆ. ನನಗೂ ಈಗ ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಕೂದಲು ಬಂದಿದೆ. ಆದರೆ ಆಗ ಅದು ಗೊತ್ತಿಲ್ಲದೆ ತುಂಬಾ ಹೆದರಿದ್ದೆ.

ಆ ಹೆದರಿಕೆಯೇ ಜೂನ್ 12ಕ್ಕೆ ನನ್ನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಯಿತು. ಮಳೆ ಹಿಡಿದಿತ್ತು. ಓಪಿಡಿ ಚೀಟಿಗೆ ಮುಕ್ಕಾಲು ಗಂಟೆ, ಒಳಗೆ ಇನ್ನೂ ಒಂದೂವರೆ ಗಂಟೆ. ಇಲ್ಲಿ ಒಂದು ವಿಷಯ ಹೇಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಎನ್‌ಸಿಡಿ ಕ್ಲಿನಿಕ್ ಅಂತ ಇರುತ್ತದೆ. ಬಿಪಿ, ಶುಗರ್ ಥರದ ಕಾಯಿಲೆಗಳಿಗಾಗಿ ಇರುವ ಕೋಣೆ. 30 ವರ್ಷ ದಾಟಿದವರು ಯಾರು ಹೋದರೂ ಬಿಪಿ, ಶುಗರ್ ನೋಡುತ್ತಾರೆ, ದುಡ್ಡಿಲ್ಲ. ನನಗೆ ಇದು 44 ವರ್ಷವಾದರೂ ಗೊತ್ತಿರಲಿಲ್ಲ. ಆಧಾರ್ ಮತ್ತು ಮೊಬೈಲ್ ತೆಗೆದುಕೊಂಡು ಹೋಗಿ. ಬೆಳಿಗ್ಗೆ ಏನೂ ತಿನ್ನದೆ ಹೋದರೆ ಒಂದೇ ದಿನ ಕೆಲಸ ಮುಗಿಯುತ್ತದೆ. ನಾನು ದೋಸೆ ತಿಂದು ಹೋಗಿದ್ದೆ, ಹಾಗಾಗಿ ಮರುದಿನ ಮತ್ತೆ ಬರಬೇಕಾಯಿತು.

ನರ್ಸಮ್ಮ ಮೊದಲು ತೂಕ ನೋಡಿದರು, 79.2. ಆಮೇಲೆ ಟೇಪು ತಂದು ಸೊಂಟದ ಸುತ್ತಳತೆ ತೆಗೆದರು, 99 ಸೆಂಟಿಮೀಟರ್. ಇದನ್ನು ಯಾರೂ ಈವರೆಗೆ ಅಳೆದಿರಲಿಲ್ಲ. ನಮ್ಮ ದೇಶದ ಹೆಂಗಸರಿಗೆ 80, ಗಂಡಸರಿಗೆ 90 ದಾಟಿದರೆ ಹೊಟ್ಟೆಯ ಕೊಬ್ಬು ಜಾಸ್ತಿ ಎಂದು ಲೆಕ್ಕ. ಬಿಪಿ 144/92, ಅದೂ ಜಾಸ್ತಿ.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ನಾನು ಪುಡಿಯ ಕಥೆ ಹೇಳುವಾಗ ಮಧ್ಯೆ ಬಾಯಿ ಹಾಕದೆ ಕೇಳಿದರು. ಕೊನೆಗೆ "ಎಷ್ಟು ಇಳಿಸಬೇಕು ಅಂತಿದ್ದೀರಿ?" ಅಂದರು.

"54ಕ್ಕೆ ಬರಬೇಕು ಡಾಕ್ಟ್ರೇ."

"ಆ 54 ಎಲ್ಲಿಂದ ಬಂತು?"

"ಮದುವೆಯಲ್ಲಿ ಅಷ್ಟಿದ್ದೆ."

ಅವರು ಚೀಟಿ ತಿರುಗಿಸಿ ಹಿಂಭಾಗದಲ್ಲಿ 79.2 ಎಂದು ಬರೆದರು. "ಲೆಕ್ಕ ಇಲ್ಲಿಂದ ಶುರು ಮಾಡೋಣ ಅಮ್ಮ, ಮದುವೆಯಿಂದ ಅಲ್ಲ. ನೂರಕ್ಕೆ ಐದು ಅಂದರೆ ಎಷ್ಟಾಯ್ತು? ನಾಲ್ಕು ಕಿಲೋ. ಮೂರರಿಂದ ನಾಲ್ಕು ತಿಂಗಳಲ್ಲಿ ಈ ನಾಲ್ಕು ಕಿಲೋ. ಅದಾದ ಮೇಲೆ ಮುಂದಿನದು ಮಾತಾಡೋಣ." 79.2ರ ಕೆಳಗೆ 75 ಎಂದು ಬರೆದು ಸುತ್ತ ಗೆರೆ ಹಾಕಿದರು.

ನನಗೆ ನಿರಾಸೆಯಾಯಿತು. ನಾಲ್ಕು ಕಿಲೋ ಇಳಿದರೆ ಯಾರಿಗೆ ಕಾಣುತ್ತದೆ? ಹಾಗೆಯೇ ಕೇಳಿಬಿಟ್ಟೆ. ಅವರು ನನ್ನ ಮಂಡಿ ತೋರಿಸಿ ಹೇಳಿದ್ದು ಇಂದಿಗೂ ನೆನಪಿದೆ. ಒಂದು ಕಿಲೋ ತೂಕ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ನಾಲ್ಕು ಕಿಲೋ ಇಳಿದರೆ ಹೆಜ್ಜೆಗೆ ಹದಿನಾರು ಕಿಲೋ. "ಹದಿನಾರು ಕಿಲೋ ಅಕ್ಕಿ ಚೀಲ ಹೊತ್ತು ಆ ಮೆಟ್ಟಿಲು ಇಳಿಯುವುದಕ್ಕೂ, ಹೊರದೆ ಇಳಿಯುವುದಕ್ಕೂ ವ್ಯತ್ಯಾಸ ಇಲ್ವಾ?" ಅಂದರು. ನೂರಕ್ಕೆ ಐದರಿಂದ ಹತ್ತು ಭಾಗ ಇಳಿದರೆ ಬಿಪಿ, ಶುಗರ್ ಎರಡರಲ್ಲೂ ಫಲ ಕಾಣುತ್ತದೆ, ವಾರಕ್ಕೆ ಅರ್ಧ ಕಿಲೋ ಸಾಕು, ಒಂದು ಕಿಲೋಗಿಂತ ಜಾಸ್ತಿ ಬೇಡ ಎಂದರು. ತೀರಾ ಬೇಗ ಇಳಿಸಿದರೆ ಸ್ನಾಯು ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲು ಆಗುವ ಭಯವೂ ಇದೆಯಂತೆ.

ಆಮೇಲೆ ಪರೀಕ್ಷೆಗಳು. ಶುಗರ್ ಅಲ್ಲೇ ಆಯಿತು. ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ), ಥೈರಾಯಿಡ್, ಕೊಲೆಸ್ಟರಾಲ್ ಹೊರಗೆ ಮಾಡಿಸಬೇಕಾಯಿತು, ಒಟ್ಟು 1,250 ರೂಪಾಯಿ. ನಿಜ ಹೇಳಬೇಕೆಂದರೆ, ಥೈರಾಯಿಡ್ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಿದ್ದೆ. ಮಾತ್ರೆ ತಿಂದರೆ ಇಳಿದುಬಿಡುತ್ತದೆ ಎಂಬ ಆಸೆ. ಥೈರಾಯಿಡ್ ಲೆಕ್ಕ ತೋರಿಸುವ ಟಿಎಸ್‌ಎಚ್ 6.4 ಬಂತು, ಸ್ವಲ್ಪ ಜಾಸ್ತಿ. ಆದರೆ ಡಾಕ್ಟರು, ಇಷ್ಟು ಸಣ್ಣ ಏರಿಕೆ ಇಪ್ಪತ್ತು ಕಿಲೋಗೆ ಕಾರಣ ಆಗುವುದಿಲ್ಲ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ ಅಂದರು. ಮತ್ತೆ ನೋಡಿದಾಗ 5.1ಕ್ಕೆ ಇಳಿದಿತ್ತು, ಮಾತ್ರೆ ಬೇಕಾಗಲಿಲ್ಲ. ಎಚ್‌ಬಿಎ1ಸಿ 6.2. ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. 5.7ಕ್ಕಿಂತ ಕಡಿಮೆ ಇರಬೇಕು, 6.5 ಮುಟ್ಟಿದರೆ ಕಾಯಿಲೆ. ಆ ಕಾಗದ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ಮದುವೆ, ಸೀರೆ, ತೆಳ್ಳಗೆ ಕಾಣುವುದು ಎಲ್ಲ ಮರೆತುಹೋಯಿತು. ನನ್ನ ಅಪ್ಪ ಸಕ್ಕರೆ ಕಾಯಿಲೆಯಲ್ಲೇ ಕಾಲು ಬೆರಳು ಕಳೆದುಕೊಂಡವರು.

ಊಟದ ವಿಷಯ ತಿಳಿದುಕೊಳ್ಳಲು ಹುಬ್ಬಳ್ಳಿಯ ಡಯಟಿಷಿಯನ್ ಒಬ್ಬರ ಬಳಿ ಹೋದೆವು. ಶಿರಸಿಯಿಂದ ಸುಮಾರು ನೂರು ಕಿಲೋಮೀಟರ್, ಬಸ್ಸಿನಲ್ಲಿ ಮೂರು ಗಂಟೆ. ಶಕ್ತಿ ಯೋಜನೆಯಿಂದ ನನಗೆ ಟಿಕೆಟ್ ಇಲ್ಲ, ಇವರಿಗೆ ಮಾತ್ರ. ಫೀ 600. ಎರಡೂವರೆ ಗಂಟೆ ಕಾದು ಒಳಗೆ ಹೋದರೆ ಮೊದಲ ಪ್ರಶ್ನೆಯೇ "ಮೂರು ದಿನ ಏನೇನು ತಿಂದಿರಿ, ಬರೆದು ತಂದಿದ್ದೀರಾ?" ತಂದಿರಲಿಲ್ಲ. ನೆನಪಿನಿಂದ ಹೇಳಿದ್ದು ಎಲ್ಲ ಕಡಿಮೆಯೇ. ಅವರು ಅಚ್ಚು ಹಾಕಿದ ಒಂದು ಪಟ್ಟಿ ಕೊಟ್ಟರು. ಓಟ್ಸ್, ಬ್ರೊಕೋಲಿ, ಪನೀರ್, ಬಾದಾಮಿ. ನಮ್ಮ ಊರಿನ ಅಂಗಡಿಯಲ್ಲಿ ಬ್ರೊಕೋಲಿ ಎಲ್ಲಿ ಸಿಗುತ್ತದೆ? ಹತ್ತು ದಿನ ಓಟ್ಸ್ ತಿಂದೆ, ಆಮೇಲೆ ಆಗಲಿಲ್ಲ. ಆ ದಿನದ ಓಡಾಟ ಪೂರ್ತಿ ದಂಡವಾಯಿತು. ಹಾಗಾಗಿ ಹೇಳುತ್ತೇನೆ, ಯಾರ ಬಳಿ ಹೋಗುವುದಾದರೂ ಮೊದಲು ಮೂರು ದಿನದ್ದು ಬರೆದುಕೊಳ್ಳಿ. ಅದರಲ್ಲಿ ಒಂದು ದಿನ ಭಾನುವಾರವೋ ಹಬ್ಬವೋ ಇರಲಿ. ಬಾಯಿಗೆ ಹಾಕಿದ್ದು ಪ್ರತಿಯೊಂದೂ ಇರಲಿ, ಅಡುಗೆ ಮಾಡುತ್ತಾ ರುಚಿ ನೋಡಿದ್ದೂ ಸೇರಿ.

ಜುಲೈ ಕೊನೆಗೆ ನಾನು ಬರೆದ ಒಂದು ದಿನ ಹೀಗಿತ್ತು. ಬೆಳಿಗ್ಗೆ ಆರೂವರೆಗೆ ಚಾ, ಸಕ್ಕರೆ ಎರಡು ಚಮಚ. ಎಂಟಕ್ಕೆ ತೆಳ್ಳೇವು (ತೆಳು ದೋಸೆ) ಏಳು, ಜೋನಿಬೆಲ್ಲ (ನೀರು ಬೆಲ್ಲ), ತುಪ್ಪ, ಮತ್ತೆ ಚಾ. ಹತ್ತೂವರೆಗೆ ಕೆಲಸದವರಿಗೆ ಆಸ್ರಿಗೆ (ಚಾ ತಿಂಡಿ) ಮಾಡಿದಾಗ ಅವರ ಜೊತೆ ಒಂದು ಚಾ. ಊಟಕ್ಕೆ ಅನ್ನ ಮೂರು ಸಟ್ಟುಗ (ಬಡಿಸುವ ಸೌಟು), ಸಾಂಬಾರು, ಎರಡು ಹಲಸಿನ ಹಪ್ಪಳ, ಮಜ್ಜಿಗೆ. ನಾಲ್ಕಕ್ಕೆ ಚಾ, ಒಂದು ಹಿಡಿ ಬಾಳೆಕಾಯಿ ಚಿಪ್ಸ್. ಆರಕ್ಕೆ ಯಾರೋ ಬಂದರು, ಮತ್ತೆ ಚಾ. ರಾತ್ರಿ ಒಂಬತ್ತೂವರೆಗೆ ಮಧ್ಯಾಹ್ನದಷ್ಟೇ ಅನ್ನ. ಪಾತ್ರೆಯ ತಳದಲ್ಲಿ ಉಳಿದದ್ದನ್ನು ಚೆಲ್ಲಬಾರದು ಎಂದು ತಿಂದೆ.

ಐದು ಚಾ, ಹತ್ತು ಚಮಚ ಸಕ್ಕರೆ. ಒಂದು ಚಮಚ ಐದು ಗ್ರಾಂ ಹಿಡಿದರೂ ದಿನಕ್ಕೆ 50 ಗ್ರಾಂ. ಅವತ್ತು ಸಂಜೆ ಅಡಿಗೆಮನೆಯಲ್ಲಿ ಕೂತು ಸಕ್ಕರೆ ಡಬ್ಬಿಯಿಂದ ತಿಂಗಳಿಗೆ ನನ್ನ ಚಾಕ್ಕೆ ಹೋಗುವುದನ್ನು ಅಳೆದು ಒಂದು ಪಾತ್ರೆಗೆ ಹಾಕಿದೆ. ಒಂದೂವರೆ ಕಿಲೋ. ಪಾತ್ರೆ ತುಂಬಿ ಬೆಳ್ಳಗೆ ಗುಡ್ಡೆಯಾಗಿ ನಿಂತಿತು. ಅತ್ತೆ ಬಂದು ನೋಡಿ "ಇಷ್ಟು ನೀ ಒಬ್ಳೇ ತಿಂತ್ಯನೇ?" ಅಂದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಒಳ್ಳೆಯ ಮಿತಿ ದಿನಕ್ಕೆ 25 ಗ್ರಾಂ ಹತ್ತಿರ. ನಾನು ಬರೀ ಚಾದಲ್ಲೇ ಅದರ ಎರಡು ಪಟ್ಟು. ಬೆಲ್ಲ ಬೇರೆ. ಬೆಲ್ಲ ಆದರೆ ಏನೂ ಆಗುವುದಿಲ್ಲ ಎಂದು ನಮ್ಮ ಕಡೆ ಗಟ್ಟಿ ನಂಬಿಕೆ ಇದೆ, ನನಗೂ ಇತ್ತು. ರಕ್ತದ ಸಕ್ಕರೆಗೆ ಎರಡೂ ಹೆಚ್ಚುಕಡಿಮೆ ಒಂದೇ.

ಎರಡನೇ ಸಲ ಆ ಪುಸ್ತಕ ಹಿಡಿದು ಹುಬ್ಬಳ್ಳಿಗೆ ಹೋದೆ. ಈ ಸಲ ಡಯಟಿಷಿಯನ್ ಅಚ್ಚಿನ ಪಟ್ಟಿ ಬದಿಗಿಟ್ಟು ನನ್ನ ಪುಸ್ತಕದಲ್ಲೇ ಪೆನ್ನಿನಿಂದ ತಿದ್ದಿದರು. ಚಾ ಎರಡು, ಸಕ್ಕರೆ ಅರ್ಧ ಚಮಚ. ತೆಳ್ಳೇವು ನಾಲ್ಕು, ಜೋನಿಬೆಲ್ಲದ ಬದಲು ಹೆಸರುಕಾಳಿನ ಪಲ್ಯ. ಅನ್ನ ಹೊತ್ತಿಗೆ ಒಂದೂವರೆ ಸಟ್ಟುಗ, ಆದರೆ ಅದಕ್ಕೂ ಮೊದಲು ಒಂದು ಬಟ್ಟಲು ತರಕಾರಿ. ಒಂದೆಲಗದ ತಂಬುಳಿ, ಹುರುಳಿ ಸಾರು, ಮಜ್ಜಿಗೆ ಎಷ್ಟಾದರೂ ಆಗಬಹುದು. ಹಪ್ಪಳ ಕರಿಯುವ ಬದಲು ಕೆಂಡದ ಮೇಲೆ ಸುಡುವುದು. ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್. ನಮ್ಮ ನಾಲ್ಕು ಜನಕ್ಕೆ ನಾಲ್ಕು ಲೀಟರ್ ಹೋಗುತ್ತಿತ್ತು! ಕರಾವಳಿಯ ಕಡೆಯವರಾದರೆ ಮೀನು ಒಳ್ಳೆಯದೇ, ಸಾರು ಮಾಡಿ, ಕರಿಯಬೇಡಿ ಎಂದು ನನ್ನ ಹಿಂದೆ ಕೂತಿದ್ದ ಕುಮಟೆಯ ಅಕ್ಕನಿಗೂ ಹೇಳಿದರು. ಬಂಗಡೆ, ತಾರ್ಲೆಯ ಸಾರು ಬಿಡಬೇಕಾಗಿಲ್ಲ ಎಂದು ಕೇಳಿ ಆ ಅಕ್ಕನ ಮುಖ ಅರಳಿತು.

ಅವರು ಇನ್ನೊಂದು ಮಾತು ಹೇಳಿದರು. ತೂಕ ನಮ್ಮ ಕೈಯಲ್ಲಿ ಪೂರ್ತಿ ಇಲ್ಲ, ನಾವು ಮಾಡುವ ಕೆಲಸ ನಮ್ಮ ಕೈಯಲ್ಲಿದೆ. ಹಾಗಾಗಿ ಗೋಡೆಯ ಕ್ಯಾಲೆಂಡರಿನಲ್ಲಿ ಕಿಲೋ ಬರೆಯಬೇಡಿ, ಮಾಡಿದ್ದಕ್ಕೆ ಗೀಟು ಹಾಕಿ. ನಾನು ಮೂರೇ ಇಟ್ಟುಕೊಂಡೆ. ಚಾ ಎರಡೇ. ನಡಿಗೆ ಅರ್ಧ ಗಂಟೆ. ರಾತ್ರಿ ಊಟ ಎಂಟರೊಳಗೆ. ಮೂರಕ್ಕೂ ಗೀಟು ಬಿದ್ದ ದಿನ ವಾರದಲ್ಲಿ ಐದು ಇದ್ದರೆ ಆ ವಾರ ಗೆದ್ದ ಹಾಗೆ, ತೂಕ ಏನೇ ಇರಲಿ.

ಅನ್ನ ಕಡಿಮೆ ಬಡಿಸಿಕೊಳ್ಳುವುದು ಮನೆಯೊಳಗೆ ಸುಲಭ ಇರಲಿಲ್ಲ. "ಇಷ್ಟೇ ಸಾಕಾತನೇ ತಂಗಿ?" ಎಂದು ಅತ್ತೆ ಪ್ರತಿ ದಿನ ಸಟ್ಟುಗ ಹಿಡಿದು ನಿಲ್ಲುತ್ತಿದ್ದರು. ಕೊಟ್ಟಿಗೆಯಲ್ಲಿ ಬಿದ್ದದ್ದು ಅವರ ಕಣ್ಣಿನಿಂದ ಹೋಗಿರಲಿಲ್ಲ. ಒಂದು ದಿನ ಅವರನ್ನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ ಬಾಯಲ್ಲೇ ಕೇಳಿದ ಮೇಲೆ ಅವರೇ ತಂಬುಳಿಗೆ ಒಂದೆಲಗ ಕೊಯ್ದು ತರಲು ಶುರು ಮಾಡಿದರು. ಮನೆಯ ಹಿರಿಯರನ್ನು ಒಂದು ಸಲ ಜೊತೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಕೂತು ನೂರು ಸಲ ವಿವರಿಸುವುದು ತಪ್ಪುತ್ತದೆ.

ನಡಿಗೆಗೆ ಮಳೆಯೇ ಅಡ್ಡಿ. ಜುಲೈ, ಆಗಸ್ಟ್‌ನಲ್ಲಿ ನಮ್ಮ ಕಡೆ ಹೊರಗೆ ಕಾಲಿಟ್ಟರೆ ಉಂಬಳ (ಜಿಗಣೆ), ದಾರಿಯೆಲ್ಲ ಜಾರು. ಮಂಡಿ ನೋವಿನವರಿಗೆ ಜಾರುವುದು ದೊಡ್ಡ ಅಪಾಯ. ಜಗುಲಿಯಲ್ಲೇ ನಡೆದೆ. ಈ ತುದಿಯಿಂದ ಆ ತುದಿಗೆ 19 ಹೆಜ್ಜೆ. ಮೊದಲು ಹತ್ತು ನಿಮಿಷ, ವಾರಕ್ಕೆ ಐದೈದು ನಿಮಿಷ ಏರಿಸಿದೆ. ದೊಡ್ಡವರಿಗೆ ವಾರಕ್ಕೆ 150 ನಿಮಿಷ ಬೇಕು ಅನ್ನುತ್ತಾರೆ, ಅಲ್ಲಿಗೆ ಮುಟ್ಟಲು ನನಗೆ ಎರಡು ತಿಂಗಳು ಹಿಡಿಯಿತು. ಜೊತೆಗೆ ಕುರ್ಚಿಯಲ್ಲಿ ಕೂತು ಕೈ ಊರದೆ ಏಳುವುದು, ಹತ್ತು ಸಲ. ಮೊದಲ ದಿನ ಮೂರೇ ಆಯಿತು.

ತೂಕ ನೋಡುವುದರಲ್ಲೂ ಒಂದು ಪಾಠ ಕಲಿತೆ. 900 ರೂಪಾಯಿ ಕೊಟ್ಟು ಸಣ್ಣ ಯಂತ್ರ ತಂದಿದ್ದೆವು. ಒಂದು ದಿನ 77, ಮರುದಿನ 79. ಅತ್ತು ಬಿಟ್ಟಿದ್ದೆ. ಮಗ ನೋಡಿ, ಅದನ್ನು ಇಟ್ಟ ಜಾಗದಲ್ಲಿ ನೆಲ ತಗ್ಗಾಗಿದೆ, ಒಂದು ಕಾಲು ಅಲ್ಲಾಡುತ್ತಿದೆ ಎಂದು ತೋರಿಸಿದ. ಒಂದು ಕಡಪಾ ಕಲ್ಲು ತಂದು ಮಟ್ಟ ಮಾಡಿ ಕೂರಿಸಿ, ಅದರ ಮೇಲೆ ಯಂತ್ರ ಇಟ್ಟ. ಅಲ್ಲಿಂದ ಮುಂದೆ ವಾರಕ್ಕೆ ಒಂದೇ ಸಲ, ಗುರುವಾರ ಬೆಳಿಗ್ಗೆ, ಶೌಚಕ್ಕೆ ಹೋಗಿ ಬಂದು, ಚಾಕ್ಕೂ ಮೊದಲು. ಮುಟ್ಟಿನ ದಿನಗಳ ಹತ್ತಿರ ಒಂದೆರಡು ಕಿಲೋ ಸುಮ್ನೆ ಏರುತ್ತದೆ, ಅದು ನೀರು. ಅದನ್ನು ನೋಡಿ ಊಟ ಬಿಡಬೇಡಿ.

ಆಗಸ್ಟ್ 27ಕ್ಕೆ ಚೌತಿ. ಅದಕ್ಕೂ ಮೊದಲು ಊರಿನಲ್ಲಿ ಚಕ್ಕುಲಿ ಕಂಬಳ. ಮನೆ ಮನೆಯಲ್ಲೂ ಎಲ್ಲರೂ ಸೇರಿ ಚಕ್ಕುಲಿ ಸುತ್ತುವುದು. ಫೆಬ್ರವರಿಯ ಹಾಗೆ ಕೋಣೆ ಸೇರಿ ಮಲಗುವುದು ನನಗೆ ಬೇಡವಾಗಿತ್ತು. ಡಾಕ್ಟರು ಮೊದಲೇ ಹೇಳಿದ್ದರು, ಹಬ್ಬದ ಎರಡು ವಾರ ಇಳಿಸುವ ಗುರಿ ಬೇಡ, ಏರದಿದ್ದರೆ ಸಾಕು. ಹೋದೆ, ಸುತ್ತಿದೆ, ಮಾತಾಡಿದೆ, ಎರಡು ಚಕ್ಕುಲಿ ತಿಂದೆ. ಪಂಚಕಜ್ಜಾಯವೂ ತಿಂದೆ. ಮುಂದಿನ ಗುರುವಾರ 76.0 ಇದ್ದದ್ದು 76.3. ಅಷ್ಟೇ. ಇಷ್ಟು ವರ್ಷದಲ್ಲಿ ಹಬ್ಬ ಮುಗಿದ ಮೇಲೆ ತಪ್ಪು ಮಾಡಿದೆ ಎಂದು ಅನ್ನಿಸದೆ ಇದ್ದದ್ದು ಅದೇ ಮೊದಲು.

ಸೆಪ್ಟೆಂಬರ್ 25ಕ್ಕೆ 75.1. ಆಮೇಲೆ ಐದು ವಾರ ಅಲ್ಲೇ. ಗೀಟು ಎಲ್ಲ ಬಿದ್ದಿದೆ, ಯಂತ್ರ ಮಾತ್ರ ಅಲ್ಲಾಡುವುದಿಲ್ಲ. ಇದು ಎಲ್ಲಕ್ಕಿಂತ ಕಷ್ಟದ ಕಾಲ. ಬೆಂಗಳೂರಿನಲ್ಲಿರುವ ನೆಂಟರು ಫೋನ್ ಮಾಡಿ, ಈಗ ವಾರಕ್ಕೊಂದು ಇಂಜೆಕ್ಷನ್ ಬಂದಿದೆ, ತೂಕ ಸರ್ರನೆ ಇಳಿಯುತ್ತದೆ ಅಂದರು. ಡಾಕ್ಟರಿಗೆ ಕೇಳಿದೆ. ಅದು ಒಳ್ಳೆಯ ಔಷಧಿಯೇ, ಬೇಕಾದವರಿಗೆ ಬೇಕು, ಆದರೆ ಡಾಕ್ಟರ ಚೀಟಿ ಇಲ್ಲದೆ ಮುಟ್ಟಬಾರದು, 2025ರ ಆ ಬೆಲೆಯಲ್ಲಿ ತಿಂಗಳಿಗೆ ಹತ್ತು ಸಾವಿರದ ಮೇಲೆ ಖರ್ಚು, ಬಿಟ್ಟರೆ ತೂಕ ವಾಪಸ್ ಬರುವುದೇ ಹೆಚ್ಚು ಎಂದರು. ನನಗೆ ಈಗ ಬೇಡ ಅಂದರು. ತೂಕ ಇಳಿದ ಹಾಗೆ ದೇಹಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ, ಹಾಗಾಗಿ ನಡುವೆ ಹೀಗೆ ನಿಲ್ಲುತ್ತದೆ ಎಂದು ಹೇಳಿ ಟೇಪು ತೆಗೆದರು. ಸೊಂಟ 99 ಇದ್ದದ್ದು 94 ಆಗಿತ್ತು. ಐದು ಸೆಂಟಿಮೀಟರ್ ಇಳಿದಿತ್ತು, ನಾನು ಅಳೆದೇ ಇರಲಿಲ್ಲ. ದರ್ಜಿ ಅಂಗಡಿಯಲ್ಲಿ 20 ರೂಪಾಯಿಗೆ ಟೇಪು ಸಿಗುತ್ತದೆ. ತೂಕದ ಯಂತ್ರಕ್ಕೂ ಮೊದಲು ಅದನ್ನು ತನ್ನಿ.

ನವೆಂಬರ್‌ನಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ಶುರುವಾಯಿತು. ದಿನಕ್ಕೆ ಮೂರು ನಾಲ್ಕು ಸಲ ತೋಟಕ್ಕೆ ಇಳಿದು ಹತ್ತುವುದು. ತೂಕ ಮತ್ತೆ ನಿಧಾನವಾಗಿ ಸರಿಯಿತು. ಒಂದು ದಿನ ಕೆಳಗೆ ಹೋಗಿ ಕೆಲಸದವರಿಗೆ ಚಾ ಕೊಟ್ಟು ಮೇಲೆ ಬಂದ ಮೇಲೆ ನೆನಪಾಯಿತು, ಮೆಟ್ಟಿಲ ಪಕ್ಕದ ಬಿದಿರಿನ ಕಟಾಂಜನವನ್ನು ಹಿಡಿದೇ ಇರಲಿಲ್ಲ. ಮತ್ತೆ ಇಳಿದೆ, ಬೇಕೆಂದೇ, ಕೈ ಬಿಟ್ಟು. ಕೊನೆಯ ನಾಲ್ಕು ಮೆಟ್ಟಿಲಲ್ಲಿ ಸ್ವಲ್ಪ ನೋವು ಇತ್ತು. ಮೊದಲ 37ರಲ್ಲಿ ಇರಲಿಲ್ಲ.

ಡಿಸೆಂಬರ್ 18ರ ಲೆಕ್ಕ: ತೂಕ 72.8, ಸೊಂಟ 92, ಬಿಪಿ 130/84, ಎಚ್‌ಬಿಎ1ಸಿ 5.8. ಬಿಪಿ, ಶುಗರ್ ಎರಡೂ ಇನ್ನೂ ಪೂರ್ತಿ ಸರಿಯಾಗಿಲ್ಲ. ಖರ್ಚು ಹೇಳುವುದಾದರೆ, ಪುಡಿಗೆ ಎರಡು ತಿಂಗಳಿಗೆ 11,200 ಹೋಯಿತು. ಜೂನ್‌ನಿಂದ ಈಚೆಗೆ ಎರಡು ಸಲದ ಪರೀಕ್ಷೆ, ಹುಬ್ಬಳ್ಳಿ ಓಡಾಟ, ಫೀ, ಯಂತ್ರ ಎಲ್ಲ ಸೇರಿ 6,000 ದಾಟಿಲ್ಲ. ಶುಗರ್ ಮಾತ್ರೆಯನ್ನೋ ಬಿಪಿ ಮಾತ್ರೆಯನ್ನೋ ಈಗಾಗಲೇ ತೆಗೆದುಕೊಳ್ಳುತ್ತಿರುವವರು ನನ್ನ ಅಳತೆ ನೋಡಿ ತಾವೇ ಊಟ ಕಡಿಮೆ ಮಾಡಬೇಡಿ. ಮೊದಲು ಡಾಕ್ಟರನ್ನು ಕೇಳಿ, ಮಾತ್ರೆಯ ಪ್ರಮಾಣವನ್ನೂ ಬದಲಿಸಬೇಕಾಗಬಹುದು. ಬಸುರಿ, ಬಾಣಂತಿಯರಿಗಂತೂ ಇದು ಈಗ ಬೇಡವೇ ಬೇಡ.

ಜೂನ್‌ನ ಆ ಚೀಟಿ ಇನ್ನೂ ಫೈಲಿನಲ್ಲಿದೆ. ಹಿಂಭಾಗದಲ್ಲಿ 79.2, ಅದರ ಕೆಳಗೆ ಗೆರೆ ಹಾಕಿದ 75. ಈ ಸಲ ಡಾಕ್ಟರು ಅದರ ಕೆಳಗೆ ಹೊಸ ಸಂಖ್ಯೆ ಬರೆಯುತ್ತಾರೆ ಎಂದು ಕಾದಿದ್ದೆ. 70 ಇರಬಹುದು, 68 ಇರಬಹುದು. ಅವರು ಬರೆದದ್ದು 73. "ಮಾರ್ಚ್ ತನಕ ಇಲ್ಲೇ ನಿಲ್ಲಿ ಅಮ್ಮ. ಉಳಿಸಿಕೊಂಡು ತೋರಿಸಿ, ಆಮೇಲೆ ಮುಂದಿನದು." ಮುಂದಿನ ಪರೀಕ್ಷೆ ಮಾರ್ಚ್ ಎರಡನೇ ವಾರ. ಏನೂ ತಿನ್ನದೆ ಹೋಗಬೇಕು, ಹಳೆ ರಿಪೋರ್ಟ್ ಎರಡೂ ಜೊತೆಗೆ ಒಯ್ಯಬೇಕು.